ಕುಂಡದೊಳಗಿನ ಹಸಿ

ಆ ದಿನ ನನ್ನ ಎದೆಯಲ್ಲಿ ಎದ್ದದ್ದು ಗ್ಯಾಸು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಬಾಗಲಕೋಟೆಯ ನಮ್ಮ ಕಚೇರಿಯಲ್ಲಿ ಮಧ್ಯಾಹ್ನ ಯಾರದೋ ವರ್ಗಾವಣೆಯ ಖುಷಿಗೆ ಮಿರ್ಚಿ ಭಜಿ ತರಿಸಿದ್ದರು. ಬೇಡ ಬೇಡವೆನ್ನುತ್ತಲೇ ತಿಂದೆ. ಚಹಾ ಬರುವ ಹೊತ್ತಿಗೆ ಎದೆಯ ಎಡಭಾಗ ಹಿಡಿದುಕೊಂಡಿತು. ನಾನು ಮೊದಲೇ ಕಾಳಜಿಯ ಮನುಷ್ಯ. ಐವತ್ತು ದಾಟಿದ ಮೇಲಂತೂ ಒಂದು ಸೀನು ಬಂದರೂ ಅದರ ಹಿಂದೆ ಯಾವುದೋ ದೊಡ್ಡ ರೋಗ ಸರದಿಯಲ್ಲಿ ನಿಂತಿರುವುದು ಕಾಣುತ್ತದೆ. ಬೆವರಿದೆ, ಬೆವರಿದ್ದಕ್ಕೆ ಹೆದರಿದೆ, ಹೆದರಿದ್ದಕ್ಕೆ ಇನ್ನಷ್ಟು ಬೆವರಿದೆ. ಜೊತೆಯವರು ಆಟೋದಲ್ಲಿ ಹಾಕಿಕೊಂಡು ದವಾಖಾನೆಗೆ ಓಡಿದರು. ಅವರಲ್ಲೊಬ್ಬ ಮನೆಯಲ್ಲಿದ್ದ ನನ್ನ ಹೆಂಡತಿಗೆ ಫೋನ್ ಮಾಡಿ, ಇಂಥದ್ದನ್ನು ಹೇಗೆ ಹೇಳಬಾರದೋ ಹಾಗೆಯೇ ಹೇಳಿದ: "ವೈನೀ, ಸಾಹೇಬ್ರಿಗೆ ಹಾರ್ಟ್ ಆಗೇತ್ರಿ."

ಡಾಕ್ಟರು ಯಂತ್ರದಿಂದ ಹೊರಬಂದ ಕಾಗದವನ್ನು ಬೆಳಕಿಗೆ ಹಿಡಿದು ನೋಡಿ, ನನ್ನ ಮುಖವನ್ನೂ ನೋಡಿ, "ಎದಿ ಕಲ್ಲಿನಂಗ ಐತ್ರಿ. ಭಜಿ ಕಡಿಮಿ ಮಾಡ್ರಿ" ಎಂದರು. ಆಟೋದಲ್ಲಿ ನನ್ನ ಕಾಲು ಹಿಡಿದುಕೊಂಡು ಬಂದಿದ್ದ ಜವಾನನಿಗೆ ಸ್ವಲ್ಪ ನಿರಾಸೆಯೇ ಆದಂತೆ ಕಂಡಿತು.

ಆದರೆ ಅಷ್ಟರಲ್ಲಿ ನವನಗರದ ಮನೆಯಲ್ಲಿ ಅವ್ವ ದೇವರ ಜಗಲಿಯ ಮುಂದೆ ನಿಂತು ಬೀರಪ್ಪನಿಗೆ ಹರಕೆ ಹೊತ್ತುಬಿಟ್ಟಿದ್ದಳು. ಹೊತ್ತದ್ದು ತೆಂಗಿನಕಾಯಿಯದೋ ಹೋಳಿಗೆಯ ಎಡೆಯದೋ ಆಗಿದ್ದರೆ ಮುಂದಿನ ಅಮಾವಾಸ್ಯೆಗೆ ಮುಗಿಯುತ್ತಿತ್ತು. ಅವಳು ಹೊತ್ತದ್ದು ಭಂಡಾರದ ಹರಕೆ. ನಮ್ಮ ಮನೆದೇವರು ಬೀರಪ್ಪನಿಗೆ ತೂರುವ, ಹಣೆಗೆ ಬಳಿದುಕೊಳ್ಳುವ ಅರಿಸಿನ ಪುಡಿಯೇ ಭಂಡಾರ. ಅದನ್ನು ಅಂಗಡಿಯಿಂದ ತರುವಂತಿಲ್ಲ. ತನ್ನ ಮನೆಯಲ್ಲಿ, ತನ್ನ ಕೈಯಾರೆ ಬೆಳೆದ ಅರಿಸಿನವನ್ನು ಕುದಿಸಿ, ಒಣಗಿಸಿ, ಕುಟ್ಟಿ, ಹುನಗುಂದದ ಹತ್ತಿರದ ನಮ್ಮೂರಿನ ಗುಡಿಯಲ್ಲಿ ತಾನೇ ತೂರುತ್ತೇನೆ ಎಂದು ಬೇಡಿಕೊಂಡಿದ್ದಳು.

ದವಾಖಾನೆಯಿಂದ ಬಂದು ವಿಷಯ ತಿಳಿಸಿದೆ. ಅವ್ವ ನನ್ನ ಬೆನ್ನು ಸವರಿದಳು. ಹರಕೆ ಮಾತ್ರ ಸಡಿಲಾಗಲಿಲ್ಲ.

"ಅವ್ವಾ, ಬರೇ ಗ್ಯಾಸ್ ಅಂತ."

"ಆಗ್ಲಿ. ನಾ ಹೊತ್ತಾಗ ಗ್ಯಾಸ್ ಅಂತ ಯಾರ ಹೇಳಿದ್ರ? ನುಡದದ್ದು ನುಡದಂಗ. ನಾ ಇರೂತನಕ ತೀರಬೇಕು ಅಷ್ಟ."

ಆ ಕೊನೆಯ ಮಾತು ನನ್ನೊಳಗೆ ಇಳಿದು ಕೂತಿತು. ಅವ್ವನಿಗೆ ಎಂಬತ್ತರ ಆಸುಪಾಸು. ಮೊಣಕಾಲು ಹೋಗಿತ್ತು, ಉಸಿರು ಬೇಗ ಕಟ್ಟುತ್ತಿತ್ತು. ದೇವರಿಗೆ ಕೊಟ್ಟ ಮಾತನ್ನು ಅರ್ಧಕ್ಕೆ ಬಿಟ್ಟು ಹೋಗುವುದೆಂದರೆ ಅವಳ ಪಾಲಿಗೆ ಸಾವಿಗಿಂತ ಕೆಟ್ಟದ್ದು. ನನಗಾದರೋ ಇಂಥವುಗಳಲ್ಲಿ ನಂಬಿಕೆಯಿಲ್ಲ ಎಂದು ಕಚೇರಿಯಲ್ಲಿ ಆಗಾಗ ಹೇಳಿಕೊಳ್ಳುವ ಅಭ್ಯಾಸವಿತ್ತು. ಆದರೆ ನಂಬಿಕೆಯಿಲ್ಲದವನಿಗೆ ಹೆದರಿಕೆ ಇರಬಾರದೆಂದು ಎಲ್ಲೂ ನಿಯಮವಿಲ್ಲ. ಹರಕೆ ತೀರದಿದ್ದರೆ ಈ ಸಲದ ಗ್ಯಾಸು ಮುಂದಿನ ಸಲ ಗ್ಯಾಸಾಗಿ ಬರಲಿಕ್ಕಿಲ್ಲ ಎಂಬ ಲೆಕ್ಕ ಮೊದಲ ರಾತ್ರಿಯೇ ಸಿದ್ಧವಾಗಿತ್ತು.

ಊರಲ್ಲಿ ನಮಗಿರುವುದು ಮಳೆ ನಂಬಿದ, ಕಪ್ಪು ಮಣ್ಣಿನ ಎರೆ ಹೊಲ, ಅದೂ ಬೇರೆಯವರಿಗೆ ಪಾಲಿಗೆ ಕೊಟ್ಟದ್ದು. ಜೋಳ, ಕಡಲೆ ಬರುವ ನೆಲ. ಅರಿಸಿನಕ್ಕೆ ಎಂಟೊಂಬತ್ತು ತಿಂಗಳು ಬುಡ ಆರಬಾರದು. ಉಳಿದದ್ದು ಒಂದೇ ಜಾಗ: ನಮ್ಮ ಮನೆಯ ಮಾಳಿಗೆ. ನಾನು ನೀಲಿ ಬಣ್ಣದ ಪ್ಲಾಸ್ಟಿಕ್ ಡ್ರಮ್ಮುಗಳನ್ನು ತಂದು ಅರ್ಧಕ್ಕೆ ಕೊಯ್ಯಿಸಿ, ತಳಕ್ಕೆ ತೂತು ಹಾಕಿಸಿ ಸಾಲಾಗಿ ಇಟ್ಟೆ. ಬಾಗಲಕೋಟೆಯ ಬೇಸಿಗೆಯಲ್ಲಿ ಕಾಂಕ್ರೀಟಿನ ಮಾಳಿಗೆ ಏನಾಗಿರುತ್ತದೆ ಎಂದು ಇಲ್ಲಿ ಇದ್ದವರಿಗೆ ಹೇಳಬೇಕಿಲ್ಲ. ಸಂಜೆ ಬರಿಗಾಲಲ್ಲಿ ಹತ್ತಿದರೆ ಕುಣಿಯುತ್ತಲೇ ಇಳಿಯಬೇಕು.

ಬಿತ್ತನೆಯ ಅರಿಸಿನ ಕೊಂಬಿಗಾಗಿ ಬಾದಾಮಿಯ ಆಚೆ, ಮಹಾಕೂಟದ ದಾರಿಯಲ್ಲಿರುವ ಅವ್ವನ ತಂಗಿಯ ಮನೆಗೆ ಹೋದೆವು. ಅವರಿಗೆ ಬಾವಿಯ ನೀರಿದೆ, ಬಾಳೆಯ ನೆರಳಲ್ಲಿ ಮನೆ ಮಟ್ಟಿಗೆ ಅರಿಸಿನ ಹಾಕುತ್ತಾರೆ. ಚಿಗವ್ವ ಕೊಂಬು ಆರಿಸಿ ಅವ್ವನ ಸೆರಗಿಗೆ ಹಾಕುತ್ತ ಸುಮ್ಮನಿರಲಿಲ್ಲ.

"ಅಲ್ಲಬೇ ಅಕ್ಕಾ, ಗ್ಯಾಸಿಗೆ ಇಷ್ಟ ದೊಡ್ಡ ಹರಕಿ? ಒಂದೀಟು ಅಜವಾನ ತಿಂದು ಮಗ್ಗಲಾ ಬದಲಿಸಿದ್ರ ಹೋಗ್ತಿತ್ತಲ್ಲ!"

"ನಿನ್ನ ಮಗಗ ಬಂದಾಗ ಅಜವಾನ ಕೊಡು. ನನ್ನ ಮಗಗ ನಾ ಏನರ ಹೊರ್ತೇನಿ."

"ಹೊರವಾ, ಹೊರು. ಆದ್ರ ಇವು ನಮ್ಮ ನೀರು ಕುಡದು ಬೆಳದಾವು. ನಿಮ್ಮ ಮಾಳಗಿ ಮ್ಯಾಲ ಇವ್ರ ಬಾಯಿ ಒಣಗಿಸಬ್ಯಾಡ್ರಿ ಮತ್ತ."

ಇನ್ನು ಮಣ್ಣು. ಮಣ್ಣಿನ ವಿಷಯದಲ್ಲಿ ಹುನಗುಂದದ ಕಡೆಯವರಿಗೆ ಒಂದು ಸೊಕ್ಕಿದೆ, ನನಗೂ ಇದೆ. ನಮ್ಮ ಎರೆ ಮಣ್ಣು ಒಮ್ಮೆ ನೀರು ಕುಡಿದರೆ ತಿಂಗಳುಗಟ್ಟಲೆ ಬಿಡುವುದಿಲ್ಲ. ಹಿಂಗಾರಿನ ಜೋಳ ಮತ್ತೆ ಒಂದು ಹನಿ ಮಳೆ ಕಾಣದೆ ಬರೀ ಆ ಹಸಿಯ ಮೇಲೆ ತೆನೆ ಹಿಡಿಯುತ್ತದೆ. ಹಸಿ ಎಂದರೆ ನಮ್ಮಲ್ಲಿ ಮಣ್ಣಿನ ಹೊಟ್ಟೆಯಲ್ಲಿರುವ ತೇವ. ಅಂಥ ಮಣ್ಣಿರುವಾಗ ಬೇರೆಯವರು ನರ್ಸರಿಗಳಲ್ಲಿ ತೆಂಗಿನ ನಾರಿನ ಪುಡಿ ಹುಡುಕುವುದನ್ನು ಕಂಡು ನನಗೆ ಕನಿಕರವಾಯಿತು. ನಮ್ಮ ಹೊಲದಿಂದಲೇ ಚೀಲ ಚೀಲ ಎರೆ ತರಿಸಿ ಡ್ರಮ್ಮುಗಳ ಕಂಠದವರೆಗೂ ತುಂಬಿದೆ. ಅವ್ವ ಅಂಬೆಗಾಲಿಡುವವರ ಹಾಗೆ ಕೈಯೂರಿ ಮೆಟ್ಟಿಲು ಹತ್ತಿ ಬಂದು ಒಂದೊಂದೇ ಕೊಂಬು ಊರಿದಳು. ಮೇಲಿನಿಂದ ನೀರು ಹಾಕಿದೆ. ಮಣ್ಣು ಕರ್ರಗೆ ಮಿರಿಮಿರಿ ಮಿಂಚಿತು. ನಾವಿಬ್ಬರೂ ನಮ್ಮ ಊರಿನ ಬಗ್ಗೆ ಬಹಳ ಹೆಮ್ಮೆಪಟ್ಟೆವು.

ಹೊಲ ಬೇರೆ, ಡ್ರಮ್ಮು ಬೇರೆ. ಹೊಲದಲ್ಲಿ ಎರೆ ಬಿರಿದರೆ ಕುಂಟೆ ಹೊಡೆದು ಬಿರುಕು ಮುಚ್ಚುತ್ತಾರೆ, ಕೆಳಗೆ ಆಳದವರೆಗೂ ಮಣ್ಣಿದೆ. ಡ್ರಮ್ಮಿನಲ್ಲಿ ಅದು ಬಿಸಿಲಿಗೆ ಕುಗ್ಗಿ ಒಂದೇ ಗಡ್ಡೆಯಾಗಿ, ಅಂಚಿನಿಂದ ಸುತ್ತಲೂ ಕಳಚಿಕೊಂಡಿತು. ಗಡ್ಡೆಗೂ ಡ್ರಮ್ಮಿಗೂ ನಡುವೆ ಬೆರಳು ತೂರುವಷ್ಟು ಸಂದು. ನಾನು ಮೇಲೆ ಹಾಕಿದ ನೀರು ಆ ಸಂದಿನಲ್ಲಿ ಜಾರಿ ತಳದ ತೂತಿನಿಂದ ಹೊರಬರುತ್ತಿತ್ತು. ನಾನು ಅದನ್ನು ಬೇರೆಯೇ ಅರ್ಥ ಮಾಡಿಕೊಂಡೆ: ನೀರು ಹೊರಗೆ ಬರುತ್ತಿದೆ, ಎಂದರೆ ಮಣ್ಣು ಹೊಟ್ಟೆತುಂಬ ಕುಡಿದಿದೆ. ಹೆಚ್ಚಾದರೆ ಕೊಂಬು ಕೊಳೆತೀತು ಎಂದು ಚಿಂತಿಸಿ ನೀರು ಕಡಿಮೆ ಮಾಡಿದೆ. ಚಿಂತೆ ಮಾಡುವವನು ಯಾವಾಗಲೂ ಏನಾದರೊಂದನ್ನು ಕಾಯುತ್ತಿರುತ್ತಾನೆ. ನಾನು ಕೊಳೆಯುವುದನ್ನು ಕಾಯುತ್ತಿದ್ದೆ, ಇವು ಒಣಗುತ್ತಿದ್ದವು.

ಮೊಬೈಲಿನಲ್ಲಿ ಯಾರೋ ಮಣ್ಣಿನ ಮೇಲೆ ಕಲ್ಲು ಹರಡಿದರೆ ತೇವ ಆರುವುದಿಲ್ಲ ಎಂದು ತೋರಿಸಿದ್ದರು. ಹೆಂಡತಿಯ ತವರು ಇಳಕಲ್. ಅಲ್ಲಿ ಕೆಂಪು ಗ್ರಾನೈಟಿನ ಚೂರಿಗೆ ಬರವೇ ಇಲ್ಲ. ಪಾಲಿಶ್ ಮಾಡುವ ಶೆಡ್ಡಿನ ಹಿಂದೆ ಬಿದ್ದಿದ್ದ ಚೂರುಗಳನ್ನು ಚೀಲದಲ್ಲಿ ಹೊತ್ತು ಬಸ್ಸಿನಲ್ಲಿ ತಂದೆ. ಕಂಡಕ್ಟರು ಚೀಲ ಎತ್ತಿ ನೋಡಿ, "ಇಳಕಲ್ಲಿಂದ ಎಲ್ಲಾರೂ ಸೀರಿ ಒಯ್ತಾರ್ರಿ, ನೀವು ಕಲ್ಲು ಹೊಂಟೀರಲ್ಲ" ಎಂದ. ಮಣ್ಣಿನ ಮೇಲೆ ಹರಡಿದ ಎರಡು ದಿನಕ್ಕೆ ಅವು ಕಾದ ಕಾವು ಸಂಜೆಯಾದರೂ ಇಳಿಯಲಿಲ್ಲ. ಹೆಂಡತಿ ಕೈ ಇಟ್ಟು ನೋಡಿ ಚುರ್ರೆಂದು ತೆಗೆದಳು.

"ಒಲಿ ಹಚ್ಚೂದ ಬ್ಯಾಡ ಇನ್ನ. ಹಿಟ್ಟು ಕಲಿಸಿ ತರ್ತೇನಿ, ನೀವು ರೊಟ್ಟಿ ಬಡೀರಿ."

ಒಂದು ಮುಂಜಾನೆ ಅವ್ವ ಒಂದು ಡ್ರಮ್ಮನ್ನು ಮಗುಚಿಸಿ ನೋಡಿದಳು. ಗಡ್ಡೆ ಹಾಗೇ ಇಡಿಯಾಗಿ ಹೊರಬಂತು, ಇಟ್ಟಿಗೆಯ ಹಾಗೆ. ಒಡೆದರೆ ಒಳಗೆ ಬೂದು ಬಣ್ಣ, ಹಸಿಯ ಸುಳಿವಿಲ್ಲ. ಕೊಂಬು ಮೊಳೆತು, ಮೊಳಕೆ ಮಣ್ಣು ಸೀಳಲಾಗದೆ ಬಾಗಿ, ತುದಿ ಕಪ್ಪಗಾಗಿತ್ತು. ಅವ್ವ ಅದನ್ನು ಅಂಗೈಯಲ್ಲಿ ಇಟ್ಟುಕೊಂಡಳು.

"ಈ ವರ್ಷ ತಪ್ಪಿದ್ರ ನನಗ ಮುಂದಿನ ವರ್ಷ ಐತೇನೋ?"

ನಾನು ಉಳಿದ ಡ್ರಮ್ಮುಗಳ ಮಣ್ಣು ಕೆದರಿ ನೋಡಿದೆ. ಕೆಲವು ಡ್ರಮ್ಮುಗಳಲ್ಲಿ ಇನ್ನೂ ಜೀವವಿತ್ತು. ಅವನ್ನು ಹೇಗಾದರೂ ಉಳಿಸಬೇಕಿತ್ತು.

ಮಣ್ಣು ಹಗುರಾಗಲಿ ಎಂದು ಊರಿಂದ ಕಾಕಾನ ಮಗ ಕುರಿ ಹಿಕ್ಕೆಯ ಚೀಲ ತಂದುಕೊಟ್ಟ. ಕುರಿ ಕಾಯ್ದುಕೊಂಡು ಬಂದ ನಮ್ಮ ವಂಶದಲ್ಲಿ ಈಗಲೂ ಕುರಿ ಇಟ್ಟುಕೊಂಡವನು ಅವನೊಬ್ಬನೇ. ದಾರಿಯಲ್ಲಿ ಹಿಕ್ಕೆ ಚೆಲ್ಲದಿರಲಿ ಎಂದು ಚೀಲದ ಬಾಯಿಗೆ ಕುರಿಯ ಉಣ್ಣೆಯನ್ನೇ ಗಿಡಿದು ತುರುಕಿದ್ದ. ನಾನು ಆ ಉಣ್ಣೆಯ ಉಂಡೆಯನ್ನು ಮಾಳಿಗೆಯ ಮೂಲೆಗೆ ಎಸೆದೆ. ಆ ವಾರ ಒಂದು ಸಣ್ಣ ಮಳೆ ಬಂತು, ಹೋಯಿತು. ಮಾಳಿಗೆ ಅರ್ಧ ಗಂಟೆಯಲ್ಲಿ ಒಣಗಿತು. ಉಣ್ಣೆ ಮಾತ್ರ ದಿನಗಳು ಕಳೆದರೂ ಹಿಂಡಿದರೆ ನೀರು ಬಿಡುತ್ತಿತ್ತು. ಕೆಳಗಿನ ಕೋಣೆಯ ಛಾವಣಿ ಸೋರುತ್ತದೆ, ಸಿಮೆಂಟು ಉದುರುತ್ತದೆ, ಮಲಗಿದವರ ಮೇಲೆ ಬೀಳುತ್ತದೆ ಎಂದು ನಾನು ಅದನ್ನು ದಿನಾ ಹೋಗಿ ಮುಟ್ಟಿ ನೋಡುತ್ತಿದ್ದೆ. ಹೀಗೆ ಮುಟ್ಟಿ ಮುಟ್ಟಿ ನೋಡುತ್ತಿದ್ದಾಗಲೇ ತಲೆಗೆ ಹೊಳೆಯಿತು: ಬಿಸಿಲಿಗೆ ಬಗ್ಗದೆ ನೀರು ಹಿಡಿದುಕೊಂಡ ಒಂದೇ ಒಂದು ವಸ್ತು ಈ ಮಾಳಿಗೆಯ ಮೇಲಿದ್ದರೆ ಅದು ಇದು. ನನ್ನ ಚಿಂತೆಯಿಂದ ಲೋಕಕ್ಕೆ ಆದ ಉಪಕಾರ ಇದೊಂದೇ.

ಕಾಕಾನ ಮಗನಿಗೆ ಫೋನ್ ಮಾಡಿದೆ. ಮರುವಾರ ಮೋಟರ್ ಸೈಕಲ್ಲಿನ ಹಿಂದೆ ಚೀಲ ಕಟ್ಟಿಕೊಂಡು ಬಂದ.

"ಲೇ ಸಾಹೇಬಾ, ಉಣ್ಣಿ ಬೇಕಂತ ಕೇಳಿದವ ನೀನ ಮೊದಲನೇದವ ನೋಡ್ಲೇ. ಉಣ್ಣಿ ಕತ್ತರಿಸಿ ತಿಪ್ಪಿಗೆ ಚೆಲ್ಲಾಕತ್ತೇವಿ. ಒಬ್ಬ ಮಗಾ ಹಾಯೂದಿಲ್ಲ."

ಕಷ್ಟ ಬಂದದ್ದು ಅವ್ವನಿಂದ. ಚೀಲ ನೋಡಿದವಳೇ ಮೆಟ್ಟಿಲಿಗೆ ಅಡ್ಡ ಕೂತಳು. ಬೀರಪ್ಪನ ಪೂಜೆಗೆ ಕಂಬಳಿ ಹಾಸಿ ಗದ್ದುಗೆ ಮಾಡುತ್ತಾರೆ. ನಮ್ಮವರು ಕಂಬಳಿಯನ್ನು ಚಪ್ಪಲಿಗಾಲಲ್ಲಿ ತುಳಿಯುವುದಿಲ್ಲ. ಅದೇ ಉಣ್ಣೆಯನ್ನು ಮಣ್ಣಿಗೆ ಹಾಕುವುದೆ?

"ದ್ಯಾವರ ಗದ್ದಗೀನ ಗೊಬ್ಬರಾ ಮಾಡ್ತೀಯೇನೋ?"

ಕಾಕಾನ ಮಗ ತಂಬಾಕು ತಿಕ್ಕುತ್ತ ಹೇಳಿದ, "ದೊಡ್ಡವ್ವಾ, ನೇಯ್ದ ಮ್ಯಾಲ ಕಂಬಳಿ. ನೇಯೂಕಿಂತ ಮದ್ಲ ಅದು ಕುರಿ ಕೂದ್ಲ. ಕುರಿ ಅದನ್ನ ಹೊತಗೊಂಡು ಹೆಂಟಿಮ್ಯಾಲ, ರಾಡಿಮ್ಯಾಲ, ಎಲ್ಲಿ ಬೇಕಲ್ಲಿ ಮಕ್ಕೋತೇತಿ. ಬೀರಪ್ಪ ಏನರ ಅಂದಾನೇನು ಅದಕ್ಕ?"

"ನಿನ್ನ ಬಾಯಿಗೆ ಹೆಂಟಿ ಹಾಕಾ. ದ್ಯಾವರ ಮಾತು ಹಿಂಗ ಆಡ್ತಾರೇನು?"

"ಮತ್ತ ಅವನ ಭಂಡಾರ ಅವನ ಉಣ್ಣಿ ಮ್ಯಾಲ ಬೆಳದ್ರ ಅವಂಗ ಸಿಟ್ಟ ಯಾಕ ಬರ್ತೇತಿ, ನೀನ ಹೇಳು."

ಅವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ ಮೆಟ್ಟಿಲಿನಿಂದ ಸ್ವಲ್ಪ ಸರಿದು ಚೀಲ ಹಾಯುವಷ್ಟು ದಾರಿ ಬಿಟ್ಟಳು. ಹಾಯುವಾಗ ಚೀಲಕ್ಕೆ ಕೈ ಮುಟ್ಟಿಸಿ ಕಣ್ಣಿಗೆ ಒತ್ತಿಕೊಂಡಳು.

ಡ್ರಮ್ಮುಗಳನ್ನೆಲ್ಲ ಮಗುಚಿದೆವು. ಎರೆಯ ಗಡ್ಡೆ ಒಡೆದು, ಬಾದಾಮಿ ಕಡೆಯ ಕೆಂಪು ಮರಳು ಮಣ್ಣು, ಹಳೆಯ ಹಿಕ್ಕೆ ಸಮ ಸಮ ಬೆರೆಸಿದೆವು. ಉಣ್ಣೆಯನ್ನು ಒಂದು ದಿನವಿಡೀ ನೀರಲ್ಲಿ ನೆನೆಹಾಕಬೇಕಾಯಿತು. ಮೊದಲು ಅದರ ಜಿಡ್ಡಿಗೆ ನೀರು ಮೇಲೆಯೇ ಜಾರುತ್ತದೆ, ಒಮ್ಮೆ ಒಳಗೆ ಬಿಟ್ಟುಕೊಂಡಿತೆಂದರೆ ಮತ್ತೆ ಸುಲಭಕ್ಕೆ ಬಿಡದು. ಅದನ್ನು ಬಿಡಿಬಿಡಿಯಾಗಿ ಹಿಂಜಿ ತಳದಿಂದ ನಡುವಿನವರೆಗೂ ಮಣ್ಣಿನ ನಡುನಡುವೆ ಹಾಸಿದೆವು. ಮೇಲೆ ಕೆಂಪು ಕಲ್ಲಿನ ಬದಲು ಶೇಂಗಾ ಹೊಟ್ಟು. ಡ್ರಮ್ಮುಗಳನ್ನು ಒಂದಕ್ಕೊಂದು ಒತ್ತಿ ಗುಂಪಾಗಿಸಿ, ಬಿಸಿಲು ಹೊಡೆಯುವ ಕಡೆ ಹಳೆಯ ಸೀರೆ ಕಟ್ಟಿದೆವು. ಉಳಿದ ಕೊಂಬುಗಳನ್ನು ಅವ್ವ ಮತ್ತೆ ಊರಿದಳು. ಕೆಳಗಿಳಿದವಳು ಆಮೇಲೆ ಮಾಳಿಗೆ ಹತ್ತಲಿಲ್ಲ. ಆಗ ಅದು ಗೊತ್ತಿರಲಿಲ್ಲ.

ಅರಿಸಿನ ಎದ್ದಿತು. ಒಂದು ದಿನ ಬಿಟ್ಟು ನೀರು ಹಾಕಿದರೂ ಮಣ್ಣು ಮೆತ್ತಗಿರುತ್ತಿತ್ತು, ಅಂಚು ಕಳಚುತ್ತಿರಲಿಲ್ಲ. ಅಗಲ ಎಲೆಗಳು ಸುರುಳಿ ಬಿಚ್ಚಿದವು. ನನಗೆ ಸಂತೋಷವಾಗಬೇಕಿತ್ತು, ನನಗೆ ಎಲೆಚುಕ್ಕೆ ರೋಗದ ಚಿಂತೆ ಹತ್ತಿತು.

ಅದಲ್ಲದೆ ವಾಸನೆ. ತೊಳೆಯದ ಉಣ್ಣೆ ಶ್ರಾವಣದ ಜಿಟಿಜಿಟಿಗೆ ನೆನೆದು, ಇಡೀ ಮಾಳಿಗೆ ಕುರಿ ಹಟ್ಟಿಯ ಹಾಗೆ ನಾರಿತು. ಪಕ್ಕದ ಮಾಳಿಗೆಯಲ್ಲಿ ಬಟ್ಟೆ ಒಣಹಾಕುತ್ತಿದ್ದ ನಿವೃತ್ತ ಮಾಸ್ತರು ಮೂಗಿಗೆ ಟವೆಲ್ ಹಿಡಿದು ನಕ್ಕರು.

"ಏನ್ರಿ, ಮಾಳಗಿ ಮ್ಯಾಲ ಕುರಿ ಕಟ್ಟೀರೇನು? ಎಷ್ಟ ಓದಿದ್ರೂ ಹಟ್ಟಿ ಬಿಡಂಗಿಲ್ಲ ನೋಡ್ರಿ ನೀವು!"

ನಾನೂ ನಕ್ಕೆ. ನನ್ನ ನಗು ಯಾವಾಗಲೂ ನನಗಿಂತ ಮುಂಚೆ ಹೋಗಿ ಎದುರಿನವರ ಪಕ್ಷ ಸೇರಿಕೊಳ್ಳುತ್ತದೆ. ಈ ಓಣಿಗೆ ಬಂದು ಎಷ್ಟೋ ವರ್ಷ. ಕಂಬಳಿ ಕಪಾಟಿನ ಒಳಗಿದೆ, ಕುರಿಯ ಮಾತು ನಾನಾಗಿ ಎಂದೂ ಎತ್ತಿದವನಲ್ಲ. ಯಾರೂ ಎತ್ತದಿದ್ದುದರಿಂದ ಯಾರಿಗೂ ಗೊತ್ತಿಲ್ಲ ಎಂದುಕೊಂಡಿದ್ದೆ. ಮೆಟ್ಟಿಲ ಬುಡದಲ್ಲಿ ಕೂತಿದ್ದ ಅವ್ವನಿಗೆ ಮಾತು ಕೇಳಿಸಿತ್ತು. ಅಲ್ಲಿಂದಲೇ ಕೂಗಿದಳು:

"ಕಟ್ಟಿಲ್ರೀ ಗುರುಗಳ. ಕಟ್ಟಿದ್ರ ನಿಮ್ಮ ಮನಿಗೂ ಒಂದ ಚರಿಗಿ ಹಾಲು ಕಳಸ್ತಿದ್ವಿ. ಖಾಲಿ ವಾಸನಿ ಅಷ್ಟ ಬರೂದು ನಿಮ್ಮ ದೈವ!"

ಮಾಸ್ತರು ಟವೆಲ್ ಒಣಹಾಕಿ ಇಳಿದರು. ನಾನು ಇಡೀ ಸಂಜೆ ಆ ಮಾತನ್ನು ಅಗಿಯುತ್ತ, ನಾನು ಏನು ಹೇಳಬಹುದಿತ್ತು ಎಂದು ಒಂದಾದ ಮೇಲೊಂದು ಉತ್ತರ ತಯಾರು ಮಾಡಿಕೊಳ್ಳುತ್ತ ಕೂತೆ. ಅವು ಇಂದಿಗೂ ತಯಾರಾಗಿವೆ.

ದೀಪಾವಳಿಯ ಹೊತ್ತಿಗೆ ಅವ್ವ ಹಾಸಿಗೆ ಹಿಡಿದಳು. ಉಬ್ಬಸ, ಕಾಲಿಗೆ ಬಾವು. ಡಾಕ್ಟರು ಅವಳ ಹೃದಯ ದಣಿದಿದೆ ಎಂದರು. ನನ್ನ ಹೃದಯದ ಹರಕೆಯನ್ನು ಹೊತ್ತವಳ ಹೃದಯವನ್ನು ನಾನು ಒಮ್ಮೆಯೂ ತೋರಿಸಿರಲಿಲ್ಲ. ವರ್ಷವಿಡೀ ನನ್ನ ನಾಡಿಯನ್ನೇ ಹಿಡಿದುಕೊಂಡು ಕೂತಿದ್ದೆ. ಮಾತ್ರೆಗಳು ಶುರುವಾದವು. ಅವಳ ಕೇಳಿಕೆ ಮಾತ್ರ ದಿನಾ ಒಂದೇ: ಹಸಿ ಹೆಂಗೈತಿ?

ಬಾಯಿಮಾತಿಗೆ ಅವಳು ಒಪ್ಪುತ್ತಿರಲಿಲ್ಲ. ಹಾಗಾಗಿ ನಾನು ಪ್ರತಿ ಸಂಜೆ ಒಂದು ಡ್ರಮ್ಮಿನ ಒಳಗಿನಿಂದ ಒಂದು ಹಿಡಿ ಮಣ್ಣು ತೆಗೆದು ಸ್ಟೀಲಿನ ಬಟ್ಟಲಲ್ಲಿ ಕೆಳಗೆ ತರುತ್ತಿದ್ದೆ. ಅವ್ವ ಮಲಗಿದಲ್ಲೇ ಅದನ್ನು ಮುಷ್ಟಿಯಲ್ಲಿ ಒತ್ತುವಳು. ಉಂಡೆ ಕಟ್ಟಿ, ಹೆಬ್ಬೆರಳು ತಾಗಿಸಿದರೆ ಒಡೆಯಬೇಕು. ಒಡೆಯದಿದ್ದರೆ ನೀರು ಹೆಚ್ಚು, ಕಟ್ಟದಿದ್ದರೆ ಕಡಿಮೆ. ಆಮೇಲೆ ಮೂಗಿಗೆ ಹಿಡಿಯುವಳು. ಮಾಸ್ತರು ಮೂಗು ಮುಚ್ಚಿಕೊಂಡ ಅದೇ ವಾಸನೆಯನ್ನು ಕಣ್ಣು ಮುಚ್ಚಿ ಎಳೆದುಕೊಳ್ಳುವಳು. ಹಾಸಿಗೆಯ ಮೇಲೆಲ್ಲ ಮಣ್ಣು ಎಂದು ಹೆಂಡತಿ ಗೊಣಗುತ್ತಲೇ ದಿನಾ ಚಾದರ ಝಾಡಿಸುವಳು.

"ಇವತ್ತ ಒಂದ ತಂಬಿಗಿ ಕಡಿಮಿ ಹಾಕು. ಥಂಡಿ ಐತಿ, ಹಸಿ ಆರೂದಿಲ್ಲ."

"ಹೂಂ."

"ಎಲಿ ಹಣ್ಣಾದಾವೇನು?"

"ಇನ್ನಾ ಇಲ್ಲ."

"ಬೀರಪ್ಪ, ಲಗೂನ ಹಣ್ಣ ಮಾಡಪಾ" ಎಂದು ಗೋಡೆಯ ಕಡೆ ಹೇಳುವಳು.

ಅರಿಸಿನ ಬಲಿತಿತು ಎನ್ನಬೇಕಾದರೆ ಎಲೆಯೆಲ್ಲ ಹಳದಿಯಾಗಿ ತಾನಾಗಿ ಒಣಗಿ ಬೀಳಬೇಕು. ಪುಷ್ಯ ಮಾಸದ ಚಳಿಗೆ ಎಲೆಯ ಅಂಚಷ್ಟೇ ಹಳದಿಗೆ ತಿರುಗಿತ್ತು. ಅತ್ತ ಅವ್ವನ ಉಸಿರು ದಿನದಿನಕ್ಕೆ ಗಿಡ್ಡವಾಗುತ್ತಿತ್ತು. ನಾನು ಮೇಲೆ ಹೋಗಿ ಎಲೆ ನೋಡುವೆ, ಕೆಳಗೆ ಬಂದು ಅವಳ ಎದೆ ಏರಿಳಿಯುವುದನ್ನು ನೋಡುವೆ. ಯಾವುದು ಮೊದಲು ಮುಗಿಯುತ್ತದೆ ಎಂಬುದರ ಹೊರತು ಬೇರೆ ಯೋಚನೆ ಇರಲಿಲ್ಲ. ಇನ್ನು ಕಾಯುವುದಾಗದು ಎನಿಸಿತು. ಕಿತ್ತು, ಕುದಿಸಿ, ಒಣಗಿಸಿ, ಕುಟ್ಟಿಬಿಟ್ಟರೆ, ಕಾರು ಮಾಡಿಕೊಂಡು ಅವಳನ್ನು ಎತ್ತಿಕೊಂಡಾದರೂ ಗುಡಿಗೆ ಹೋಗಿ ಅವಳ ಕೈಯಿಂದ ತೂರಿಸಬಹುದು.

"ಇನ್ನೊಂದೀಟು ದಿನ ಬಿಡೋ. ಮಣ್ಣಾಗ ಇದ್ದದ್ದು ಎಲ್ಲಿ ಹೋಗ್ತೇತಿ?" ಎಂದಳು ಅವ್ವ.

ನಾನು ಬಿಡಲಿಲ್ಲ. ಎಲ್ಲ ಡ್ರಮ್ಮುಗಳನ್ನೂ ಒಂದೇ ದಿನ ಮಗುಚಿದೆ. ಬೇರುಗಳು ಉಣ್ಣೆಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದವು, ಕತ್ತರಿಯಿಂದ ಬಿಡಿಸಬೇಕಾಯಿತು. ಮಣ್ಣು ತಂಪಾಗಿತ್ತು, ಹಿಂಡಿದರೆ ಕೈ ಒದ್ದೆ. ಕೊಂಬು ಸಣ್ಣವು, ಎಳೆಯವು, ಆದರೆ ಮುರಿದರೆ ಒಳಗೆ ಬಣ್ಣ ಇತ್ತು. ಒಂದನ್ನು ಅವ್ವನ ಕೈಗೆ ಕೊಟ್ಟೆ. ಉಗುರಿನಿಂದ ಗೀರಿ, ಆ ಹಳದಿಯನ್ನು ನನ್ನ ಹಣೆಗೆ ಒರೆಸಿ, "ಸಾಕು, ಇಷ್ಟಾದ್ರೂ ಬಂತಲ್ಲ" ಎಂದಳು. ಮುಖದಲ್ಲಿ ಎಷ್ಟೋ ದಿನಗಳಿಂದ ಇರದ ಒಂದು ನಿರಾಳ.

ಹೆಂಡತಿ ದೊಡ್ಡ ಪಾತ್ರೆಯಲ್ಲಿ ಕುದಿಸಿದಳು. ಮಾಳಿಗೆಯ ಮೇಲೆ ಬಿಳಿ ಪಂಚೆ ಹಾಸಿ ಒಣಹಾಕಿದೆವು. ಎರಡು ವಾರದ ಬಿಸಿಲು ಬೇಕು. ವರ್ಷವಿಡೀ ಮಣ್ಣು ಒಣಗಬಾರದು ಎಂದು ಒದ್ದಾಡಿದವನು ಈಗ ಒಣಗಲಿ, ಒಣಗಲಿ ಎಂದು ಬಿಸಿಲಿಗೆ ಕೈ ಮುಗಿಯುತ್ತಿದ್ದೆ. ಮಾಗಿಯ ಬಿಸಿಲು ನಿಧಾನ. ಕೊಂಬು ತೆಗೆದು ಮುರಿದು ನೋಡಿದರೆ ಇನ್ನೂ ಬಾಗುತ್ತಿತ್ತು.

ಅವು ಬಾಗುತ್ತಿರುವಾಗಲೇ ಒಂದು ಮುಂಜಾನೆ, ಹೆಂಡತಿ ಚಹಾ ತಂದು ಎಬ್ಬಿಸುವಾಗ, ಅವ್ವ ಏಳಲಿಲ್ಲ.

ಊರಲ್ಲೇ ಮಣ್ಣು ಮಾಡಿದೆವು, ನಮ್ಮ ಹೊಲದ ಬದುವಿನಲ್ಲಿ. ನಾನು ಒಂದು ಹಿಡಿ ಎರೆ ಹಾಕುವಾಗ ಬೆರಳುಗಳು ತಾವಾಗಿ ಅದನ್ನು ಒತ್ತಿ ನೋಡಿದವು. ಹಿಂಗಾರಿನ ಹಸಿ ಇನ್ನೂ ಇತ್ತು.

ಕಾರ್ಯ ಮುಗಿದ ಮೇಲೆ ಗುಡಿಯ ಪೂಜಾರಿಯ ಹತ್ತಿರ ಹೋದೆ. ನಮ್ಮವರೇ, ಅವ್ವನಿಗೆ ದೂರದಿಂದ ತಮ್ಮನಾಗಬೇಕು. ಕಾಕಾನ ಮಗನೂ ಜೊತೆಗಿದ್ದ. ಒಣಗಿದ ಅರಿಸಿನ ಮನೆಯಲ್ಲಿದೆ, ಕುಟ್ಟಿ ತರುತ್ತೇನೆ, ಅವ್ವನ ಹೆಸರಿನಲ್ಲಿ ತೂರಿಬಿಡಿ ಎಂದೆ. ಪೂಜಾರಿ ಕೇಳಿದ:

"ಆಕಿ ಹೋದಾಗ ಅರಿಷಿಣಾ ಎಲ್ಲಿತ್ತು?"

"ಮಾಳಗಿ ಮ್ಯಾಲ. ಒಣಗಾಕತ್ತಿತ್ತು."

"ಹಂಗಾರ ಸೂತಕದ ಮನ್ಯಾಗ ಇತ್ತು. ಅದು ದೇವರಿಗೆ ನಡಿಯೂದಿಲ್ಲಪಾ."

"ಮಾಳಗಿ ಮ್ಯಾಲ ಇತ್ರಿ ಮಾಮಾ, ಹೊರಗ" ಎಂದ ಕಾಕಾನ ಮಗ.

"ಮಾಳಗಿ ಮನೀದಲ್ಲೇನು? ನೆಲದಾಗ ಇದ್ದಿದ್ರ ಮಾತ ಬ್ಯಾರೆ. ಮಣ್ಣಾಗ ಇದ್ದದ್ದಕ್ಕ ಸೂತಕ ಹತ್ತೂದಿಲ್ಲ. ಬೆಳಿ ನಿಂತಿದ್ರ ಈಗ ಕಿತ್ತು ತರಬಹುದಿತ್ತು."

ಇನ್ನೊಂದಿಷ್ಟು ದಿನ ಬಿಡು ಎಂದಿದ್ದಳು ಅವ್ವ. ಬಿಟ್ಟಿದ್ದರೆ ಅದು ಇವತ್ತೂ ಡ್ರಮ್ಮಿನೊಳಗೆ, ಉಣ್ಣೆಯ ತಂಪಿನಲ್ಲಿ, ಏನೂ ತಟ್ಟದೆ ಇರುತ್ತಿತ್ತು. ಅವಳಿಗಾಗಿ ಮಾಡಿದ ಅವಸರವೇ ಅವಳ ಹರಕೆಯನ್ನು ಕೆಡಿಸಿತ್ತು.

"ಮತ್ತ ಆಕಿ ಹರಕಿ?"

"ತಾಯಿ ಹೊತ್ತದ್ದು ಮಗಾ ಇಳಸಬೇಕು. ಕೈಲೆ ಬೆಳಿಬೇಕು ಅಂತ ಬೇಡಿದ್ಲಲ್ಲ? ಈಗ ನಿನ್ನ ಕೈಲೆ."

ಆ ಅರಿಸಿನವನ್ನು ಚೆಲ್ಲಲು ಹೆಂಡತಿ ಒಪ್ಪಲಿಲ್ಲ. ಕುಟ್ಟಿ ಡಬ್ಬಿಗೆ ತುಂಬಿದಳು. ಬೇಳೆಗೆ, ಪಲ್ಯಕ್ಕೆ, ಚಿತ್ರಾನ್ನಕ್ಕೆ ಅದನ್ನೇ ಹಾಕುತ್ತಾಳೆ. ಬಣ್ಣ ಚೆನ್ನಾಗಿದೆ. ಊಟಕ್ಕೆ ಕೂತಾಗ ತಟ್ಟೆಯಲ್ಲಿ ಆ ಹಳದಿ ನೋಡಿದರೆ ಮೊದಲ ತುತ್ತನ್ನು ತಟ್ಟೆಯ ಅಂಚಿಗೆ ಸರಿಸುತ್ತೇನೆ, ಆಮೇಲೆ ಅದನ್ನೇ ತಿನ್ನುತ್ತೇನೆ. ನನಗಾಗಿ ಬೆಳೆದದ್ದು ನನ್ನ ಹೊಟ್ಟೆಗೇ ಬಂತು ಎಂದು ಸಮಾಧಾನ ಮಾಡಿಕೊಳ್ಳಲು ಒಂದೆರಡು ಸಲ ಯತ್ನಿಸಿದೆ. ಆಗಲಿಲ್ಲ.

ಕುದಿಸಿದ ಕೊಂಬು ಮೊಳೆಯುವುದಿಲ್ಲ. ಮಹಾಕೂಟದ ದಾರಿಯ ಚಿಗವ್ವ ಹೊಸ ಕೊಂಬು ಎತ್ತಿಡುತ್ತೇನೆ ಎಂದಿದ್ದಾಳೆ. ಈ ಸಲ ಫೋನಿನಲ್ಲಿ ಚೇಷ್ಟೆ ಮಾಡಲಿಲ್ಲ. ಊರಲು ಮಿರಗದ ಮಳೆಯವರೆಗೆ, ಎಂದರೆ ಜೂನಿನವರೆಗೆ ಕಾಯಬೇಕು. ನಡುವೆ ಇಡೀ ಬೇಸಿಗೆ ಇದೆ. ಡ್ರಮ್ಮುಗಳಿಗೆ ಅದೇ ಮಣ್ಣು ಮತ್ತೆ ತುಂಬಿಟ್ಟಿದ್ದೇನೆ, ಮೇಲೆ ಹೊಟ್ಟು ಹೊದಿಸಿದ್ದೇನೆ. ಎರೆ ಒಮ್ಮೆ ಪೂರ್ತಿ ಒಣಗಿದರೆ ಮತ್ತೆ ಗಡ್ಡೆಯಾಗುತ್ತದೆ, ಉಣ್ಣೆ ಒಣಗಿದರೆ ಮತ್ತೆ ನೀರು ಬಿಟ್ಟುಕೊಳ್ಳಲು ಹಟ ಮಾಡುತ್ತದೆ. ಹಾಗಾಗಿ ಸಂಜೆ ಕಚೇರಿಯಿಂದ ಬಂದು ಮಾಳಿಗೆ ಹತ್ತುತ್ತೇನೆ.

ಮೊನ್ನೆ ಹೆಂಡತಿ ಒಣಗಿದ ಬಟ್ಟೆ ತೆಗೆಯಲು ಬಂದವಳು ನಿಂತು ನೋಡಿದಳು.

"ಏನೂ ಇಲ್ಲಲ್ರೀ ಅದರಾಗ. ಖಾಲಿ ಮಣ್ಣಿಗೆ ಯಾಕ ನೀರ ಹಾಕ್ತೀರಿ?"

"ಹಸಿ ಆರಬಾರದು."

ಅವಳು ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡು, ಮೂಲೆಯ ನಲ್ಲಿಯಿಂದ ಇನ್ನೊಂದು ತಂಬಿಗೆ ತುಂಬಿ ತಂದು ನನ್ನ ಕೈಗೆ ಕೊಟ್ಟು ಕೆಳಗಿಳಿದಳು.